ಕಿಲೋಗೆ ಲಕ್ಷ ಅಂದವರು, ಕೊಳ್ಳುವವರ ಹೆಸರು ಯಾಕೆ ಹೇಳಲಿಲ್ಲ?

ಕಳೆದ ತಿಂಗಳು ನಮ್ಮೂರ ಡೇರಿ ಗ್ರೂಪಿಗೆ ಆ ಫೋಟೋ ಮತ್ತೆ ಬಂತು. ಹಸಿರು ಗೊಂಚಲು, ಪಕ್ಕದಲ್ಲಿ ನಗುತ್ತಿರುವ ರೈತ, ಕೆಳಗೆ ದಪ್ಪ ಅಕ್ಷರದಲ್ಲಿ "ಜಗತ್ತಿನ ಅತಿ ದುಬಾರಿ ತರಕಾರಿ, ಕಿಲೋಗೆ ಒಂದು ಲಕ್ಷ ರೂಪಾಯಿ". ಹತ್ತು ನಿಮಿಷದಲ್ಲಿ ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ಹನ್ನೆರಡನೆಯವನು ನನ್ನ ಸಂಬಂಧಿಕ. ಅವನು ಹೆಬ್ಬೆರಳು ಎತ್ತಲಿಲ್ಲ, "ಸಸಿ ಎಲ್ಲಿ ಸಿಗುತ್ತೆ?" ಅಂತ ಕೇಳಿದ. ಅವನ ಬೋರ್‌ವೆಲ್ ಸಾಲವೇ ಇನ್ನೂ ತೀರಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಫೋಟೋದ ಕಥೆ ಮೊದಲು ಮುಗಿಸಿಬಿಡುತ್ತೇನೆ. 2021ರ ಬೇಸಿಗೆಯ ಹೊತ್ತಿಗೆ ಬಿಹಾರದ ಔರಂಗಾಬಾದ್ ಜಿಲ್ಲೆಯ ರೈತರೊಬ್ಬರು 'ಹಾಪ್ ಶೂಟ್ಸ್' ಬೆಳೆದಿದ್ದಾರೆ, ಕಿಲೋಗೆ ಲಕ್ಷ ಸಿಗುತ್ತಿದೆ ಅಂತ ಸುದ್ದಿ ಹಬ್ಬಿತು. ಐಎಎಸ್ ಅಧಿಕಾರಿಯೊಬ್ಬರು ಟ್ವಿಟರ್‌ನಲ್ಲಿ ಹಂಚಿಕೊಂಡರು. ಟಿವಿ, ವೆಬ್‌ಸೈಟ್‌ಗಳೆಲ್ಲ ಒಂದರ ಹಿಂದೆ ಒಂದು ಅದನ್ನೇ ಬರೆದವು. ಕೊನೆಗೆ ಹಿಂದಿ ಪತ್ರಿಕೆಯ ವರದಿಗಾರರು ಆ ಊರಿಗೇ ಹೋಗಿ ನೋಡಿದರೆ, ಹೊಲದಲ್ಲಿ ಅಂಥ ಬೆಳೆಯೇ ಇರಲಿಲ್ಲ. ಆದರೆ ಸುಳ್ಳು ಊರೂರು ಸುತ್ತಿ ಬಂದ ಮೇಲೆ ನಿಜಕ್ಕೆ ಬಸ್ಸು ಸಿಗುವುದಿಲ್ಲ. ಫೋಟೋ ಇನ್ನೂ ಓಡಾಡುತ್ತಿದೆ. ಪತ್ರಿಕೋದ್ಯಮ ಓದಿದ ನಮಗೆ ಇದು ನಾಚಿಕೆಯ ಸಂಗತಿ. ಒಬ್ಬನೇ ಒಬ್ಬ ಬೈಕ್ ಹತ್ತಿ ಹೊಲದ ಬದುವಿನ ಮೇಲೆ ನಿಂತಿದ್ದರೆ ಮೊದಲ ದಿನವೇ ಮುಗಿಯುತ್ತಿದ್ದ ಕಥೆ ಇದು.

ಫೋಟೋ ಸುಳ್ಳು ಅಂತ ಹೇಳಿದರೆ ಮಾತ್ರ ನನ್ನ ಸಂಬಂಧಿಕನಿಗೆ ಉತ್ತರ ಸಿಗುವುದಿಲ್ಲ. ಅವನು ಕೇಳುತ್ತಾನೆ: "ಬಿಹಾರದ್ದು ಸುಳ್ಳಿರಬಹುದು, ಬೆಳೆ ನಿಜ ತಾನೆ? ಅಮೆರಿಕದಲ್ಲಿ ಬೆಳೀತಾರೆ ತಾನೆ? ಬೆಂಗಳೂರಿನ ಪಬ್‌ಗಳಿಗೆ ಬೇಕು ತಾನೆ?" ಹೌದು, ಮೂರೂ ನಿಜ. ಇವು ನಿಜವಾದ್ದರಿಂದಲೇ ಹೆದರಿಕೆ.

ಹಾಪ್ಸ್ ಅಂದರೆ ಬಳ್ಳಿ. ಗಾಂಜಾದ ಕುಟುಂಬಕ್ಕೆ ಸೇರಿದ್ದು, ಆದರೆ ಅಮಲಿಗಲ್ಲ, ಕಹಿಗೆ. ಹೆಣ್ಣು ಬಳ್ಳಿಯಲ್ಲಿ ಬಿಡುವ ಪುಟ್ಟ ಹಸಿರು ಕಾಯಿಯಂಥ ಹೂವಿನೊಳಗೆ ಹಳದಿ ಅಂಟುಪುಡಿ ಇರುತ್ತದೆ. ಬಿಯರ್‌ಗೆ ಕಹಿ, ಪರಿಮಳ ಕೊಡುವುದು, ಅದು ಬೇಗ ಕೆಡದಂತೆ ಕಾಯುವುದು ಆ ಪುಡಿಯೇ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲೇ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಹಾಕಬೇಕು ಅಂತ ಕಾನೂನು ಬಂದಿತ್ತು. ಇವತ್ತಿಗೂ ಜಗತ್ತಿನ ಹಾಪ್ಸ್‌ನ ಬಹುಪಾಲು ಬೆಳೆಯುವುದು ಜರ್ಮನಿ ಮತ್ತು ಅಮೆರಿಕ. ಅಲ್ಲಿ ಹದಿನೆಂಟು ಅಡಿ ಎತ್ತರಕ್ಕೆ ಕಂಬ ನೆಟ್ಟು, ಮೇಲೆ ತಂತಿ ಎಳೆದು, ಒಂದೊಂದು ಬುಡಕ್ಕೂ ಹುರಿ ಇಳಿಬಿಟ್ಟು ಬಳ್ಳಿ ಹತ್ತಿಸುತ್ತಾರೆ. ಮೆಣಸಿನ ಬಳ್ಳಿ ಕಂಡವರಿಗೆ ಅಂದಾಜು ಸಿಗುತ್ತದೆ, ಆದರೆ ಇಲ್ಲಿ ಆಸರೆಗೆ ಮರವಿಲ್ಲ, ಎಲ್ಲವೂ ದುಡ್ಡು ಕೊಟ್ಟು ನಿಲ್ಲಿಸಿದ್ದು. ಚಳಿಗಾಲದಲ್ಲಿ ಬಳ್ಳಿ ನೆಲದವರೆಗೆ ಒಣಗಿ, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರುತ್ತದೆ. ಬೆಲ್ಜಿಯಂನಲ್ಲಿ ಆ ಎಳೆ ಚಿಗುರನ್ನು ಕೈಯಿಂದ ಕಿತ್ತು ದುಬಾರಿ ತರಕಾರಿಯಾಗಿ ಮಾರುವುದುಂಟು. ವರ್ಷದಲ್ಲಿ ಕೆಲವೇ ವಾರಗಳ ಮಾತು ಅದು. ನಮ್ಮ ಫೋಟೋದ ಲಕ್ಷ ಹುಟ್ಟಿದ್ದು ಆ ಚಿಗುರಿನಿಂದ. ಹಾಪ್ಸ್ ರೈತರು ಬದುಕುವುದು ಚಿಗುರಿನ ಮೇಲಲ್ಲ, ಬಿಯರ್‌ಗೆ ಹೋಗುವ ಹೂವಿನ ಮೇಲೆ.

ಆ ಹೂವಿಗೆ ಬಿಯರ್ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಗಿರಾಕಿ ಇಲ್ಲ. ನನ್ನ ಜಗಳ ಶುರುವಾಗುವುದು ಇಲ್ಲಿಂದ.

ರಾಗಿಗೆ ಬೆಲೆ ಬಿದ್ದರೆ ಮುದ್ದೆ ಮಾಡಿ ತಿನ್ನಬಹುದು. ಜೋಳ ಬಿದ್ದರೆ ದನಕ್ಕೆ ಹಾಕಬಹುದು. ತೆಂಗು ಬಿದ್ದರೆ ಎಣ್ಣೆ ಮಾಡಿಸಿ ಮನೆಗೆ ಇಟ್ಟುಕೊಳ್ಳಬಹುದು. ಹಾಪ್ಸ್ ಬಿದ್ದರೆ? ನಾಯಿ ತಿಂದರೆ ಅದಕ್ಕೆ ವಿಷ. ಗಿಡಮೂಲಿಕೆ ಚಹಾ, ನಿದ್ದೆಯ ದಿಂಬು ಅಂತ ಒಂದಿಷ್ಟು ಹೋಗುತ್ತದೆ, ಅದು ಕಡಲಿಗೆ ಉಪ್ಪು ಹಾಕಿದ ಹಾಗೆ. ಬ್ರೂವರಿ ಬೇಡ ಅಂದರೆ ಸಂತೆಗೆ ಒಯ್ದು ರಾಶಿ ಹಾಕುವ ಬೆಳೆಯಲ್ಲ ಇದು. ಕೊಳ್ಳುವವನು ಒಬ್ಬನೇ ಇರುವಲ್ಲಿ ಬೆಲೆ ಹೇಳುವವನೂ ಅವನೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ಕಥೆ ಕೇಳಿ. ಅಲ್ಲಿನವರು ನಮ್ಮ ಹಾಗೆ ಒಂದೆರಡು ಎಕರೆಯವರಲ್ಲ. ನೂರಾರು ಎಕರೆ, ಕೊಯ್ಲಿನ ಯಂತ್ರ, ಒಣಗಿಸುವ ಗೂಡು, ತಣ್ಣನೆಯ ಗೋದಾಮು, ಮೂರು ನಾಲ್ಕು ತಲೆಮಾರಿನ ಅನುಭವ ಇರುವ ಕುಟುಂಬಗಳು. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಕೊಯ್ಲು. ಬಳ್ಳಿ ಕಡಿದು, ಹೂ ಬಿಡಿಸಿ, ಒಣಗಿಸಿ, ಇನ್ನೂರು ಪೌಂಡಿನ ಮೂಟೆ ಕಟ್ಟುತ್ತಾರೆ. ಆಮೇಲೆ ಪುಡಿ ಮಾಡಿ ಗುಳಿಗೆಯಂತೆ ಒತ್ತಿ ಶೀತಲ ಗೋದಾಮಿಗೆ ಹಾಕುತ್ತಾರೆ. ಈ ಕೆಲಸದಲ್ಲಿ ದೊಡ್ಡ ಪಾಲು ಮೆಕ್ಸಿಕೋ ಮೂಲದ ಕೂಲಿಗಳದ್ದು. ಬಿಯರ್ ಬಾಟಲಿಯ ಮೇಲಿನ ಚಿತ್ರದಲ್ಲಿ ಅವರನ್ನು ನೀವು ಕಾಣುವುದಿಲ್ಲ.

ಅಲ್ಲಿ ಕ್ರಾಫ್ಟ್ ಬಿಯರ್ ಅಂತ ಒಂದು ಅಲೆ ಎದ್ದಿತು. ದೊಡ್ಡ ಕಂಪನಿಯ ಬಾಟಲಿ ಬಿಯರ್ ಅಲ್ಲ, ಸಣ್ಣ ಬ್ರೂವರಿಗಳು ಸ್ವಲ್ಪ ಸ್ವಲ್ಪವಾಗಿ ಕುದಿಸಿ ಮಾಡುವ, ಕಹಿ ಪರಿಮಳ ಎರಡೂ ಜಾಸ್ತಿ ಇರುವ ಬಿಯರ್. ಮಾಮೂಲಿ ಬಿಯರ್‌ಗೆ ಲೀಟರ್‌ಗೆ ಒಂದೆರಡು ಗ್ರಾಂ ಹಾಪ್ಸ್ ಸಾಕು. ಕ್ರಾಫ್ಟ್‌ನವರು ಅದರ ಹಲವು ಪಟ್ಟು ಸುರಿಯುತ್ತಾರೆ. ರೈತನಿಗೆ ಇದಕ್ಕಿಂತ ಏನು ಬೇಕು? ಇಂಥ ಸಣ್ಣ ಬ್ರೂವರಿಗಳು ಅಮೆರಿಕದಲ್ಲಿ ಒಂಬತ್ತು ಸಾವಿರ ದಾಟಿದವು. "ನಾವು ರೈತನ ಗೆಳೆಯರು" ಅನ್ನುವುದೇ ಅವರ ಮಂತ್ರ. ಬ್ರೂವರಿಗಳು ಮೂರು ವರ್ಷಕ್ಕೆ, ಐದು ವರ್ಷಕ್ಕೆ ಮುಂಗಡ ಕರಾರು ಮಾಡಿಕೊಂಡವು. ಆ ಕರಾರು ತೋರಿಸಿ ರೈತರು ಬ್ಯಾಂಕಿನಿಂದ ಸಾಲ ತಂದು ಕಂಬ ನೆಟ್ಟರು. 2021ರ ಹೊತ್ತಿಗೆ ಅಲ್ಲಿ ಹಾಪ್ಸ್ ಸುಮಾರು ಅರವತ್ತು ಸಾವಿರ ಎಕರೆಗೆ ಏರಿತು.

ಆಮೇಲೆ ಜನ ಆ ಬಿಯರ್ ಕುಡಿಯುವುದು ಕಮ್ಮಿಯಾಯಿತು. ಕೋವಿಡ್ ಒಂದು ಕಾರಣ, ಬೇರೆ ಪಾನೀಯಗಳ ಹುಚ್ಚು ಇನ್ನೊಂದು, ಹೊಸ ಹುಡುಗರು ಕುಡಿತವನ್ನೇ ಕಮ್ಮಿ ಮಾಡಿದ್ದು ಮತ್ತೊಂದು. (ಕುಡಿತ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ಇನ್ನೊಂದು ದಿನ ಆಡೋಣ. ಇವತ್ತಿನ ಜಗಳ ಹೊಲದ್ದು.) ಕರಾರು ಮಾಡಿದ್ದ ಬ್ರೂವರಿಗಳು ಮಾಲು ಎತ್ತಲಿಲ್ಲ. ಕೆಲವು "ಆಮೇಲೆ ತಗೋತೀವಿ" ಅಂದವು, ಕೆಲವು ಬಾಗಿಲನ್ನೇ ಮುಚ್ಚಿದವು. ಮುಚ್ಚಿದ ಬ್ರೂವರಿಯ ಕರಾರನ್ನು ಎಲ್ಲಿ ಚಲಾಯಿಸುತ್ತೀರಿ? ಗೋದಾಮು ತುಂಬಿತು. ಹಾಪ್ಸ್ ಹಳೆಯದಾದಷ್ಟೂ ಕಸುವು ಕಳೆದುಕೊಳ್ಳುತ್ತದೆ. 2024ಕ್ಕೆ ವಿಸ್ತೀರ್ಣ ಸುಮಾರು ನಲವತ್ತೈದು ಸಾವಿರ ಎಕರೆಗೆ ಇಳಿಯಿತು. ಅಂದರೆ ಮೂರೇ ವರ್ಷದಲ್ಲಿ ನಾಲ್ಕರಲ್ಲಿ ಒಂದು ಎಕರೆ ಮಾಯ. ಕಾಗದದ ಮೇಲೆ ಇದು ಬರೀ ಸಂಖ್ಯೆ. ಹೊಲದಲ್ಲಿ ಹದಿನೈದು ಇಪ್ಪತ್ತು ವರ್ಷ ಇರಲಿ ಅಂತ ನೆಟ್ಟ ಬೇರನ್ನು ನೆಟ್ಟವನೇ ಕಿತ್ತುಹಾಕುವುದು.

ಇದು ಮೊದಲ ಸಲವೂ ಅಲ್ಲ. 2007-08ರಲ್ಲಿ ಹಾಪ್ಸ್ ಕೊರತೆಯಾಗಿ ಬೆಲೆ ಆಕಾಶಕ್ಕೆ ಏರಿತ್ತು. ಎಲ್ಲರೂ ನೆಟ್ಟರು. ಎರಡೇ ವರ್ಷದಲ್ಲಿ ಮಾಲು ಹೆಚ್ಚಾಗಿ ಬಿತ್ತು. ನಮ್ಮ ಮಲೆನಾಡು, ಕರಾವಳಿಯವರಿಗೆ ಈ ರಾಗ ಗೊತ್ತು. 2003ರ ಆಸುಪಾಸಿನಲ್ಲಿ ಹಸಿ ವೆನಿಲಾ ಕಿಲೋಗೆ ಮೂರು ಸಾವಿರ ದಾಟಿದಾಗ ರಾತ್ರಿ ಟಾರ್ಚ್ ಹಿಡಿದು ತೋಟ ಕಾದವರು ಇದ್ದರು. ಕೆಲವೇ ವರ್ಷದಲ್ಲಿ ನೂರು ರೂಪಾಯಿಗೂ ಕೇಳುವವರಿರಲಿಲ್ಲ.

ಇನ್ನೊಂದು ವಿಷಯ, ನನ್ನ ಸಂಬಂಧಿಕ ಕೇಳಿದ "ಸಸಿ ಎಲ್ಲಿ ಸಿಗುತ್ತೆ" ಅನ್ನುವುದರ ಬಗ್ಗೆ.

ಅಮೆರಿಕದ ಕ್ರಾಫ್ಟ್ ಬಿಯರ್ ಎದ್ದು ನಿಂತದ್ದು 'ಕ್ಯಾಸ್ಕೇಡ್' ಅನ್ನುವ ತಳಿಯ ಮೇಲೆ. ಅದು ಸರ್ಕಾರಿ ದುಡ್ಡಿನಲ್ಲಿ, ಒರೆಗಾನ್ ರಾಜ್ಯದಲ್ಲಿ ಅಭಿವೃದ್ಧಿಪಡಿಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ. ಯಾರು ಬೇಕಾದರೂ ಬೇರಿನ ತುಂಡು ತಂದು ನೆಡಬಹುದು. ಅದರ ಜಾಗಕ್ಕೆ ಈಗ ಬಂದಿರುವುದು 'ಸಿಟ್ರಾ', 'ಮೊಸಾಯಿಕ್'. ಇವು ಖಾಸಗಿ ಸಂಸ್ಥೆಗಳ ತಳಿ. ಹೆಸರಿಗೆ ಟ್ರೇಡ್‌ಮಾರ್ಕ್, ಗಿಡಕ್ಕೆ ಪೇಟೆಂಟ್. ಪರವಾನಗಿ ಇಲ್ಲದ ರೈತ ಪಕ್ಕದ ಹೊಲದಿಂದ ಒಂದು ತುಂಡು ಬೇರು ತಂದು ನೆಟ್ಟರೂ ಅಪರಾಧಿ. ಯಾರು ಬೆಳೆಯಬೇಕು, ಎಷ್ಟು ಎಕರೆ, ಯಾವಾಗ ಕೀಳಬೇಕು ಎಲ್ಲವೂ ತಳಿಯ ಒಡೆಯನ ಮಾತು. ಬ್ರೂವರಿಯವರು ಸಿಟ್ರಾವನ್ನೇ ಬೇಡುವ ಹಾಗೆ ಕುಡಿಯುವವರ ನಾಲಿಗೆ ತಯಾರಾಗಿದೆ. ಕ್ಯಾಸ್ಕೇಡ್ ಬೆಳೆದವನ ಮೂಟೆ ಮೂಲೆಯಲ್ಲಿ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ತಳಿಗಳ ಒಡೆತನದಲ್ಲಿ ಯಾಕಿಮಾದ ಕೆಲವು ರೈತ ಕುಟುಂಬಗಳದ್ದೂ ಪಾಲಿದೆ. ಅಲ್ಲಿನ ದೊಡ್ಡ ಮಾರಾಟ ಸಂಸ್ಥೆಯೊಂದು ಪೂರ್ತಿ ಬೆಳೆಗಾರರದ್ದೇ. ಅದು ಮೆಚ್ಚಬೇಕಾದ ಸಂಗತಿ. ಆದರೆ ಆ ಪಾಲು ಇರುವುದು ಒಳಗಿರುವವರಿಗೆ. ಹೊಸದಾಗಿ ಸಸಿ ಹುಡುಕಿ ಹೋಗುವ ನಮ್ಮ ನಿಮ್ಮಂಥವರು ಯಾವತ್ತೂ ಬಾಗಿಲ ಹೊರಗೆ. ಪಾಲಿದ್ದವರಿಗೇ 2024ರಲ್ಲಿ ಸಿಟ್ರಾ ಕೀಳುವುದು ತಪ್ಪಲಿಲ್ಲ ಅಂದಮೇಲೆ ಪಾಲಿಲ್ಲದವರ ಗತಿ ಊಹಿಸಿಕೊಳ್ಳಿ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ರೈತನ ಕಡೆಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕು ನಿಮಗಿದೆ. ಹಾಗಿದ್ದೂ 2019ರಲ್ಲಿ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೋ ಮೊಕದ್ದಮೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿಗೂ ಹೆಚ್ಚು ಪರಿಹಾರ ಕೇಳಿತ್ತು. ದೇಶವೆಲ್ಲ ಕೂಗೆದ್ದ ಮೇಲೆ ವಾಪಸ್ ಪಡೆಯಿತು. ಹಕ್ಕು ಕಾಗದದಲ್ಲಿ ಇದ್ದರೂ ಕೋರ್ಟಿನ ಮೆಟ್ಟಿಲು ಹತ್ತುವುದು ರೈತನ ಕಾಲೇ.

ದೊಡ್ಡ ಕಂಪನಿಗಳ ಆಟ ಇನ್ನೂ ಸೊಗಸು. 2016ರಲ್ಲಿ ಎಬಿ ಇನ್‌ಬೆವ್ ಅನ್ನುವ ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿ, ಎಸ್‌ಎಬಿ ಮಿಲ್ಲರ್ ಅನ್ನು ನುಂಗಿತು. ಅದರ ಜೊತೆ ದಕ್ಷಿಣ ಆಫ್ರಿಕಾದ ಹಾಪ್ಸ್ ವ್ಯವಹಾರವೂ ಬಂತು. ಮಾರನೆಯ ವರ್ಷ ಅಮೆರಿಕದ ಸಣ್ಣ ಬ್ರೂವರಿಗಳಿಗೆ ಆ ಹಾಪ್ಸ್ ಸಿಗದೆ ಹೋಯಿತು. ಇಳುವರಿ ಕಮ್ಮಿ, ನಮಗೇ ಸಾಲದು ಅಂತ ಕಂಪನಿ ಕಾರಣ ಕೊಟ್ಟಿತು. ಇರಬಹುದು. ಆದರೆ ಒಂದು ದೇಶದ ಬೆಳೆ ಯಾರ ಕೈಗೆ ಹೋಗಬೇಕು ಅನ್ನುವುದು ಒಂದು ಕಚೇರಿಯಲ್ಲಿ ತೀರ್ಮಾನ ಆಗುತ್ತದೆ ಅನ್ನುವುದಂತೂ ಎಲ್ಲರಿಗೂ ಗೊತ್ತಾಯಿತು.

"ಅದೆಲ್ಲ ಪರದೇಶ, ಬಿಡು" ಅನ್ನಬೇಡಿ. ನಮ್ಮ ದೇಶದಲ್ಲೇ ಹಾಪ್ಸ್ ಬೆಳೆದು ನೋಡಿ ಬಿಟ್ಟವರಿದ್ದಾರೆ. ಹಿಮಾಚಲದ ಲಾಹೌಲ್ ಕಣಿವೆಯವರು. ರೋಹ್ತಾಂಗ್ ಕಣಿವೆದಾರಿಯ ಆಚೆ, ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಜಗತ್ತಿನ ಸಂಪರ್ಕವೇ ಕಡಿಯುತ್ತಿದ್ದ ಜಾಗ. ಅಟಲ್ ಸುರಂಗ ತೆರೆದದ್ದೇ 2020ರ ಅಕ್ಟೋಬರ್‌ನಲ್ಲಿ. ಅಲ್ಲಿ ವರ್ಷಕ್ಕೆ ಒಂದೇ ಬೆಳೆ. ಹಾಗಾಗಿ ಆ ಒಂದು ಬೆಳೆ ದುಡ್ಡು ತರಲೇಬೇಕು. ಮೊದಲು ಕೋಷ್ಠದ ಬೇರು ಬೆಳೆದರು, ಔಷಧಿಗೆ. ಅದರ ಮಾರುಕಟ್ಟೆ ಬಿತ್ತು. ಬಿತ್ತನೆ ಆಲೂಗಡ್ಡೆ ಬಂತು. 1970ರ ದಶಕದಿಂದ ಹಾಪ್ಸ್ ಬಂತು. ದೇಶದ ಬ್ರೂವರಿಗಳಿಗೆ ದೇಶದ್ದೇ ಹಾಪ್ಸ್ ಅನ್ನುವ ಆಸೆ. ಎತ್ತರ, ಚಳಿ, ಬೇಸಿಗೆಯ ಉದ್ದ ಹಗಲು, ಒಣ ಗಾಳಿ ಎಲ್ಲ ಹೊಂದಿತು. ಬೆಳೆ ಚೆನ್ನಾಗಿ ಬಂತು.

ಹೊಂದದೆ ಹೋದದ್ದು ಕೊಳ್ಳುವವರು. ದೇಶದಲ್ಲಿ ಬ್ರೂವರಿಗಳು ಬೆರಳೆಣಿಕೆ. ಹೊರಗಿನಿಂದ ಗುಳಿಗೆಯಾಗಿ, ಡಬ್ಬಿಯಾಗಿ ಅಗ್ಗದ ಮಾಲು ಬರಲು ಶುರುವಾದ ಮೇಲೆ ಗುಡ್ಡ ದಾಟಿಸಿ ತರುವ ಒಣಹೂವು ಯಾರಿಗೆ ಬೇಕು? ಲಾಹೌಲ್‌ನವರು ಒಬ್ಬೊಬ್ಬರಾಗಿ ಬಳ್ಳಿ ಕಿತ್ತು ಬಟಾಣಿ, ಹೂಕೋಸಿಗೆ ಹೋದರು. ಅವರನ್ನು ನಾನು ಸೋತವರು ಅನ್ನುವುದಿಲ್ಲ. ಬಟಾಣಿಗೆ ದಿಲ್ಲಿಯ ಮಂಡಿಯಲ್ಲಿ ಕೊಳ್ಳುವವರು ನೂರಾರು. ಒಬ್ಬ ಕೈಕೊಟ್ಟರೆ ಪಕ್ಕದ ಅಂಗಡಿ. 2020ರ ಅಕ್ಟೋಬರ್‌ನಲ್ಲೇ ಅದೇ ಲಾಹೌಲ್‌ಗೆ ಪಾಲಂಪುರದ ಸರ್ಕಾರಿ ವಿಜ್ಞಾನಿಗಳು ಇಂಗಿನ ಸಸಿ ತಂದು ನೆಟ್ಟರು. ಇಂಗು ಇಡೀ ದೇಶದ ಒಗ್ಗರಣೆಗೆ ಬೇಕು, ಹಾಗಾಗಿ ಅದರ ಹಣೆಬರಹ ಹಾಪ್ಸ್‌ಗಿಂತ ಚೆನ್ನಾಗಿರಬಹುದು. ನೋಡೋಣ.

ಈಗ ಬೆಂಗಳೂರಿಗೆ ಬನ್ನಿ. ಸುಮಾರು ಹದಿನೈದು ವರ್ಷದಿಂದ ಅಲ್ಲಿ ಮೈಕ್ರೋಬ್ರೂವರಿ ಅಂತ ತಲೆಯೆತ್ತಿವೆ. ಪಬ್ಬಿನೊಳಗೇ ತಾಮ್ರದ ಬಣ್ಣದ ದೊಡ್ಡ ಹಂಡೆ, ಅಲ್ಲೇ ತಯಾರು, ಅಲ್ಲೇ ಮಾರಾಟ. ಮೆನು ತುಂಬ "ಲೋಕಲ್", "ಹೊಲದಿಂದ ಗ್ಲಾಸಿಗೆ" ಅನ್ನುವಂಥ ಮಾತು. ಗ್ಲಾಸಿನಲ್ಲಿರುವ ಹಾಪ್ಸ್ ಜರ್ಮನಿಯದ್ದು, ಅಮೆರಿಕದ್ದು. ಲೋಕಲ್ ಅಂದರೆ ನೀರು ಮತ್ತು ಲೋಟ ತೊಳೆಯುವ ಹುಡುಗ. ಆ ಹುಡುಗನೂ ಎಷ್ಟೋ ಸಲ ಒಡಿಶಾದವನು.

ಹಾಗಾದರೆ ನಾವೇ ಬೆಳೆದು ಕೊಟ್ಟರೆ? ಲೆಕ್ಕ ಹಾಕೋಣ. ಒಂದು ಪಬ್ ದಿನಕ್ಕೆ 500 ಲೀಟರ್ ಬಿಯರ್ ಮಾಡುತ್ತದೆ ಅಂತ ಹಿಡಿಯಿರಿ. ಲೀಟರ್‌ಗೆ ಧಾರಾಳವಾಗಿ 5 ಗ್ರಾಂ ಹಾಪ್ಸ್. ದಿನಕ್ಕೆ ಎರಡೂವರೆ ಕಿಲೋ, ವರ್ಷಕ್ಕೆ 900 ಕಿಲೋ ಚಿಲ್ಲರೆ. ಅಮೆರಿಕದಲ್ಲಿ ಒಂದು ಎಕರೆಗೆ ಬರುವ ಒಣ ಇಳುವರಿ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಒಂದು ಪಬ್ಬಿಗೆ ಒಂದು ಎಕರೆ. ಇಂಥ ನೂರು ಪಬ್ ಇದ್ದರೂ ನೂರು ಎಕರೆ. ನಮ್ಮೂರ ಕೆರೆ ಹಿಂದಿನ ಗದ್ದೆಯ ಬಯಲೇ ಅದಕ್ಕಿಂತ ದೊಡ್ಡದು! ಇಡೀ ನಗರದ ಪಬ್ಬುಗಳ ಬಾಯಾರಿಕೆ ತೀರಿಸಲು ಒಂದೇ ಊರು ಸಾಕು. ಎರಡನೇ ಊರು ನೆಟ್ಟ ದಿನವೇ ಬೆಲೆ ಬೀಳುತ್ತದೆ. ಆ ಫೋಟೋ ಎಷ್ಟು ಊರಿನ ಗ್ರೂಪಿಗೆ ಹೋಗಿದೆ ಅಂತ ಯೋಚನೆ ಮಾಡಿ.

ಬೆಲೆಯ ಮಾತು ಬಿಡಿ, ಸೂರ್ಯನೂ ನಮ್ಮ ಕಡೆ ಇಲ್ಲ. ಹಾಪ್ಸ್ ಬಳ್ಳಿಗೆ ಬೆಳೆಯುವಾಗ ಉದ್ದ ಹಗಲು ಬೇಕು. ಹಗಲು ಸಣ್ಣದಿದ್ದರೆ ಮೊಣಕಾಲುದ್ದ, ಎದೆಯುದ್ದ ಇರುವಾಗಲೇ ಹೂ ಬಿಟ್ಟು ಕೂರುತ್ತದೆ. ಯಾಕಿಮಾದಲ್ಲಿ ಜೂನ್ ಹಗಲು ಸುಮಾರು ಹದಿನಾರು ಗಂಟೆ, ಲಾಹೌಲ್‌ನಲ್ಲಿ ಹದಿನಾಲ್ಕು, ನಮ್ಮಲ್ಲಿ ಹದಿಮೂರರ ಆಸುಪಾಸು. ಜೊತೆಗೆ ಅದಕ್ಕೆ ಚಳಿಗಾಲದ ನಿದ್ದೆಯೂ ಬೇಕು. ಬ್ರೆಜಿಲ್‌ನಲ್ಲಿ ಹೊಲಕ್ಕೆ ದೀಪ ಹಾಕಿ ಹಗಲನ್ನು ಉದ್ದ ಮಾಡಿ ಬೆಳೆಯುತ್ತಿದ್ದಾರೆ. ನಮ್ಮಲ್ಲಿ ಪಂಪ್‌ಸೆಟ್ಟಿಗೇ ತ್ರೀ ಫೇಸ್ ರಾತ್ರಿ ಎರಡು ಗಂಟೆಗೆ ಬರುತ್ತದೆ. ಇನ್ನು ಬಳ್ಳಿಗೆ ಬಲ್ಬು!

ಇಷ್ಟಾದರೂ ಸಸಿ ಮಾರುವವನು ಬರುತ್ತಾನೆ, ಯಾಕೆಂದರೆ ಅವನ ಲಾಭ ಸಸಿಯಲ್ಲೇ ಮುಗಿದಿರುತ್ತದೆ. "ಬೈ ಬ್ಯಾಕ್ ಗ್ಯಾರಂಟಿ" ಅನ್ನುತ್ತಾನೆ. ಮಿಡಿಸೌತೆ ಬೆಳೆದವರನ್ನು ಕೇಳಿ ಆ ಗ್ಯಾರಂಟಿಯ ಅರ್ಥ. ನಮ್ಮ ರಾಜ್ಯ ದೇಶಕ್ಕೇ ಹೆಚ್ಚು ಮಿಡಿಸೌತೆ ಬೆಳೆಯುತ್ತದೆ, ಪೂರ್ತಿ ಕರಾರಿನ ಬೇಸಾಯ, ಪೂರ್ತಿ ರಫ್ತು. ಸಮಯಕ್ಕೆ ದುಡ್ಡು ಕೊಟ್ಟ ಕಂಪನಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಯಿ ಒಂದು ದಿನ ಹೆಚ್ಚು ಬಲಿತರೆ ಗ್ರೇಡು ಬಿತ್ತು, ಸೊಟ್ಟಗಿದ್ದರೆ ವಾಪಸ್. ಅಳತೆಪಟ್ಟಿ ಕೊಳ್ಳುವವನ ಕೈಯಲ್ಲಿ. ಮಿಡಿಸೌತೆಯಾದರೂ ಮೂರು ತಿಂಗಳ ಬೆಳೆ, ಬೇಡ ಅಂದರೆ ಮುಂದಿನ ಸಲ ಬಿಡಬಹುದು. ಹಾಪ್ಸ್‌ಗೆ ಕಂಬ ನೆಟ್ಟವನು ಹದಿನೈದು ವರ್ಷಕ್ಕೆ ಕೈ ಕಟ್ಟಿಸಿಕೊಂಡ.

ಪಬ್ ಮಾಲೀಕರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ರಾಗಿ ಹಾಕಿ ಬಿಯರ್ ಮಾಡಿದ್ದೀರಿ, ಮಾವು, ಕಾಫಿ ಹಾಕಿದ್ದೀರಿ, ಗೊತ್ತು. ಅದೇ ದಾರಿ. ಆದರೆ ವರ್ಷಕ್ಕೊಂದು ಹಬ್ಬದ ದಿನ ಹಿಡಿ ರಾಗಿ ಹಾಕಿ ಫೋಟೋ ತೆಗೆಸಿಕೊಳ್ಳುವುದಲ್ಲ. ಎಷ್ಟು ಕ್ವಿಂಟಾಲ್, ಯಾವ ಊರಿನಿಂದ, ಯಾವ ಬೆಲೆಗೆ ಕೊಂಡಿರಿ ಅಂತ ಮೆನುವಿನಲ್ಲಿ ಬರೆಯಿರಿ. ಹಾಪ್ಸ್ ಎಲ್ಲಿಯದು ಅಂತಲೂ ಬರೆಯಿರಿ. ಲೋಕಲ್ ಅನ್ನುವ ಪದದ ಪಕ್ಕದಲ್ಲಿ ಜರ್ಮನಿ ಅಂತ ಅಚ್ಚಾದರೆ ಗಿರಾಕಿಗೂ ಕಣ್ಣು ತೆರೆಯುತ್ತದೆ. ರಾಗಿ ಬೆಳೆದವನಿಗೆ ನೀವು ಕೈಕೊಟ್ಟರೂ ಅವನ ಮನೆಯ ಮುದ್ದೆ ನಿಲ್ಲುವುದಿಲ್ಲ. ಆ ಧೈರ್ಯ ಇದ್ದಾಗ ಮಾತ್ರ ಅವನು ನಿಮ್ಮ ಜೊತೆ ಬೆಲೆ ಚೌಕಾಸಿ ಮಾಡಬಲ್ಲ.

ಸಂಬಂಧಿಕನಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಅರ್ಧಕ್ಕೇ ತಡೆದು, "ಸಸಿಗೆ ಮುಂಗಡ ಕೊಡಬೇಕಂತೆ, ಒಬ್ಬ ನಂಬರ್ ಕೊಟ್ಟಿದ್ದಾನೆ" ಅಂದ. ಆ ನಂಬರಿಗೆ ನಾನೇ ಮಾಡಿದೆ. ಬೆಲೆ ಕೇಳಿದರೆ ಪಟಪಟ ಹೇಳಿದ. ಯಾವ ತಳಿ ಅಂದೆ, "ಇಂಪೋರ್ಟೆಡ್" ಅಂದ. ಯಾವ ಬ್ರೂವರಿ ಕೊಳ್ಳುತ್ತದೆ, ಅವರ ಸಹಿ ಇರುವ ಒಂದು ಕಾಗದ ತೋರಿಸಿ ಅಂದೆ. "ಆಮೇಲೆ ಮಾಡ್ತೀನಿ ಸರ್" ಅಂದವನು ಮತ್ತೆ ಮಾಡಿಲ್ಲ.

ನಿಮ್ಮ ಊರಿಗೂ ಇಂಥವರು ಬಂದಿದ್ದರೆ ದುಡ್ಡು ಕೊಡುವ ಮೊದಲು ಅವರು ಕೊಟ್ಟ ಕಾಗದದ ಫೋಟೋ ನಮಗೆ ಕಳಿಸಿ. ಹಾಪ್ಸ್ ಆಗಲಿ, ಇನ್ಯಾವುದೇ ಲಕ್ಷದ ಬೆಳೆಯಾಗಲಿ. ಅವರು ತೋರಿಸುವ "ಮಾದರಿ ತೋಟ" ಯಾವ ಊರಲ್ಲಿದೆ ಅಂತ ಕೇಳಿ ಬರೆದು ಹಾಕಿ. ನಮ್ಮಲ್ಲಿ ಯಾರಾದರೊಬ್ಬರು ಬೈಕಿನಲ್ಲಿ ಹೋಗಿ ನೋಡಿಕೊಂಡು ಬರುತ್ತೇವೆ, ಕಂಡದ್ದನ್ನು ಇಲ್ಲೇ ಬರೆಯುತ್ತೇವೆ.